ನಾಣ್ಯಕ್ಕೆ ಮೊದಲು ಹುಣಸೆ ಬೀಜ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಶಿಕ್ಷಕರ ಮುಂದೆ ನೀಡುತ್ತಿರುವ ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಸಂಭವನೀಯತೆ. ಅದನ್ನು ಹಿರಿಯ ಪ್ರಾಥಮಿಕ ತರಗತಿಗಳಲ್ಲಿ, ಅಂದರೆ 6, 7 ಮತ್ತು 8ನೇ ತರಗತಿಗಳಲ್ಲಿ, ಎಲ್ಲಿಂದ ಶುರು ಮಾಡಬೇಕು ಎಂಬುದು ನನ್ನ ಪ್ರಶ್ನೆ. ಕಲಿಸಬೇಕೇ ಬೇಡವೇ ಎಂಬ ಮಾತನ್ನೂ ಮುಟ್ಟುತ್ತೇನೆ. ಆದರೆ ನನ್ನ ವಾದವಿರುವುದು ಆರಂಭದ ಬಗ್ಗೆ. ನಮ್ಮ ಪುಸ್ತಕಗಳು ಸಾಮಾನ್ಯವಾಗಿ ನಾಣ್ಯದಿಂದ ಶುರು ಮಾಡುತ್ತವೆ. ನಾಣ್ಯ ಚಿಮ್ಮಿದರೆ ಎರಡೇ ಫಲಿತ, ಎರಡೂ ಸಮ, ಆದ್ದರಿಂದ ಹೆಡ್ ಬೀಳುವ ಸಂಭವನೀಯತೆ ಅರ್ಧ. ಆಮೇಲೆ ದಾಳ: ಆರರಲ್ಲಿ ಒಂದು. ಆಮೇಲೆ ಇಸ್ಪೀಟು: 52ರಲ್ಲಿ ಒಂದು. ಅನುಕೂಲ ಫಲಿತಗಳನ್ನು ಒಟ್ಟು ಫಲಿತಗಳಿಂದ ಭಾಗಿಸು ಎಂಬ ಸೂತ್ರ ಅಲ್ಲಿಗೆ ಸಿದ್ಧ, ಪರೀಕ್ಷೆಗೆ ಎರಡು ಲೆಕ್ಕವೂ ಸಿದ್ಧ. ಈ ಕ್ರಮ ತಲೆಕೆಳಗಾಗಿದೆ ಎಂದು ನನಗೆ ಅನ್ನಿಸುತ್ತದೆ. ಎರಡು ಮಗ್ಗುಲು ಸಮವಲ್ಲದ ವಸ್ತುವೊಂದನ್ನು ಮಗುವಿನ ಕೈಗೆ ಕೊಟ್ಟು, ಎಸೆದು ಎಣಿಸುವುದರಿಂದ ಪಾಠ ಶುರುವಾಗಬೇಕು. ನಾಣ್ಯ, ಸೂತ್ರ ಎರಡೂ ಅದರ ಹಿಂದಿನಿಂದ ಬರಬೇಕು.

ಎಲ್ಲಿಂದ ಶುರುವಾದರೇನು, ಕೊನೆಗೆ ಎರಡನ್ನೂ ಕಲಿಯುತ್ತಾರಲ್ಲ ಎಂದು ಕೇಳಬಹುದು. ಮೊದಲು ಕಲಿತದ್ದು ಮನಸ್ಸಿನಲ್ಲಿ ಬೇರು ಬಿಡುತ್ತದೆ. ಆಮೇಲೆ ಬಂದದ್ದೆಲ್ಲ ಅದಕ್ಕೆ ಒಗ್ಗಿಕೊಳ್ಳಬೇಕಾಗುತ್ತದೆ. ನಾಣ್ಯದಿಂದ ಶುರು ಮಾಡಿದ ಮಗು ಸೂತ್ರಕ್ಕಿಂತ ಮೊದಲು ಕಲಿಯುವುದು ಒಂದು ನಂಬಿಕೆಯನ್ನು: ಏನಾಗುತ್ತದೋ ಗೊತ್ತಿಲ್ಲ ಎಂದಾದರೆ ಎಲ್ಲಕ್ಕೂ ಸಮಪಾಲು. ಫ್ರಾನ್ಸಿನ ಸಂಶೋಧಕಿ ಮರಿ-ಪೋಲ್ ಲೆಕೂತ್ರ್ 1992ರಲ್ಲಿ ಈ ನಂಬಿಕೆಯ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ಎರಡು ದಾಳಗಳನ್ನು ಒಟ್ಟಿಗೆ ಎಸೆದಾಗ ಒಂದು 5, ಒಂದು 6 ಬೀಳುವುದು ಹೆಚ್ಚೋ, ಎರಡೂ 6 ಬೀಳುವುದು ಹೆಚ್ಚೋ ಎಂದು ಕೇಳಿದರೆ ಬಹಳ ಮಂದಿ ಎರಡೂ ಒಂದೇ ಎನ್ನುತ್ತಾರೆ. ಏಕೆಂದರೆ ಅದು ಅದೃಷ್ಟದ ವಿಷಯ, ಅದೃಷ್ಟಕ್ಕೆ ಭೇದವಿಲ್ಲ ಎಂಬುದು ಅವರ ತರ್ಕ. ನಿಜವಾಗಿ, 36 ಬಗೆಗಳಲ್ಲಿ 5–6 ಎರಡು ಬಗೆಯಲ್ಲಿ ಬೀಳುತ್ತದೆ, 6–6 ಒಂದೇ ಬಗೆಯಲ್ಲಿ. ಸಂಭವನೀಯತೆ ಓದಿದವರೂ ಈ ಉತ್ತರದಿಂದ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ ಎಂಬುದು ಆ ಅಧ್ಯಯನದಲ್ಲಿ ನಮ್ಮನ್ನು ಯೋಚನೆಗೆ ಹಚ್ಚಬೇಕಾದ ಅಂಶ. ಅದೇ ನಂಬಿಕೆ ಊರಿಗೆ ಬಂದಾಗ ಬೇರೆ ವೇಷ ತೊಡುತ್ತದೆ. ‘ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಫಿಫ್ಟಿ-ಫಿಫ್ಟಿ’ ಎನ್ನುತ್ತೇವೆ. ಬೋರ್‌ ಕೊರೆಸುವಾಗಲೂ ಅದೇ ಮಾತು. ಎರಡು ಸಾಧ್ಯತೆ ಇದೆ ಎಂಬುದಕ್ಕೂ ಎರಡಕ್ಕೂ ಸಮ ತೂಕವಿದೆ ಎಂಬುದಕ್ಕೂ ನಡುವೆ ಇರುವ ದೂರವನ್ನು ಮಗು ಕಾಣದೆ ಹೋದರೆ, ಮುಂದೆ ಎಷ್ಟು ಸೂತ್ರ ಕಲಿತರೂ ಅದು ಪರೀಕ್ಷೆ ಬರೆಯುವ ಕೈಯಲ್ಲಿ ಮಾತ್ರ ಉಳಿಯುತ್ತದೆ.

ಈ ನಾಲ್ಕು ತಾಲ್ಲೂಕುಗಳ ಬದುಕಿನಲ್ಲಿ ಸಮ ತೂಕದ ಸಾಧ್ಯತೆ ಎಂಬುದು ಅಪರೂಪ. ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಯಾಶ್ರಯದಲ್ಲಿ ವರ್ಜೀನಿಯಾ ತಂಬಾಕು ಬೆಳೆಯುವ ರೈತ, ಮಡಿಯಲ್ಲಿ ಬೆಳೆದ ಸಸಿಯನ್ನು ಕೃತ್ತಿಕೆಯಲ್ಲಿ ಹೊಲಕ್ಕೆ ಹಾಕಬೇಕೋ ರೋಹಿಣಿಗೆ ಕಾಯಬೇಕೋ ಎಂದು ಮೇ ತಿಂಗಳಲ್ಲಿ ಲೆಕ್ಕ ಹಾಕುತ್ತಾನೆ. ಕೆ.ಆರ್. ನಗರದಲ್ಲಿ ಕಾವೇರಿ ನಾಲೆಗಳ ಕೆಳಗಿನ ಭತ್ತದ ರೈತನ ಚಿಂತೆ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಎಂಬುದು. ಎಚ್.ಡಿ. ಕೋಟೆಯಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳಿದ್ದರೂ ಎಷ್ಟೋ ಹೊಲಗಳು ಮೋಡವನ್ನೇ ನಂಬಿವೆ, ಕಾಡಂಚಿನ ಹೊಲಗಳಿಗೆ ಆನೆಯ ಭಯ ಬೇರೆ. ಈ ರೈತರು ಯಾರೂ ಅರ್ಧ-ಅರ್ಧ ಎಂದು ತೀರ್ಮಾನಿಸುವುದಿಲ್ಲ. ‘ಹತ್ತು ವರ್ಷದಲ್ಲಿ ಏಳು ವರ್ಷ ರೋಹಿಣಿ ಕೈಬಿಟ್ಟಿಲ್ಲ’ ಎಂಬ ಧಾಟಿಯಲ್ಲಿ ಮಾತಾಡುತ್ತಾರೆ. ಅದು ನೆನಪಿನ ಲೆಕ್ಕ, ತಪ್ಪಿರಬಹುದು. ಆದರೂ ಅದರ ರೂಪ ಸರಿಯಾಗಿದೆ. ಎಷ್ಟು ಸಲದಲ್ಲಿ ಎಷ್ಟು ಸಲ ಎಂದು ಕೇಳುವ ಆ ರೂಪವೇ ಸಂಭವನೀಯತೆಯ ಬುನಾದಿ. ಮನೆಯಲ್ಲಿ ಆಗಲೇ ಇರುವ ಈ ಮಾತಿನ ರೂಪವನ್ನು ಶಾಲೆ ಬದಿಗಿಟ್ಟು, ಮಗು ಎಂದೂ ಆಡದ ಇಸ್ಪೀಟು ಕಟ್ಟಿನಿಂದ ಪಾಠ ಆರಂಭಿಸುತ್ತದೆ.

ಹಾಗಾದರೆ ಕೈಗೆ ಕೊಡುವ ವಸ್ತು ಯಾವುದು? ಹುಣಸೆ ಬೀಜ. ಚೌಕಾಬಾರ ಆಡುವ ಮನೆಗಳಲ್ಲಿ ಕವಡೆ ಇಲ್ಲದಾಗ ಹುಣಸೆ ಬೀಜವನ್ನು ಕಲ್ಲಿನ ಮೇಲೆ ಒಂದು ಮಗ್ಗುಲು ತೇಯ್ದು ಬಿಳಿ ಮಾಡಿಕೊಳ್ಳುವುದು ಹಳೆಯ ರೂಢಿ. ಇನ್ನೊಂದು ಮಗ್ಗುಲು ಕಂದಾಗಿ, ನುಣುಪಾಗಿ, ಉಬ್ಬಿಕೊಂಡೇ ಇರುತ್ತದೆ. ಅಂಥ ಒಂದು ಬೀಜವನ್ನು ನೆಲಕ್ಕೆ ಎಸೆದರೆ ಬಿಳಿ ಮೇಲೆ ಬೀಳುತ್ತದೋ ಕಂದು ಮೇಲೆ ಬೀಳುತ್ತದೋ? ಎರಡೇ ಫಲಿತ, ಆದರೆ ಇಲ್ಲಿ ‘ಅರ್ಧ’ ಎನ್ನಲು ಯಾವ ಆಧಾರವೂ ಇಲ್ಲ. ಎಷ್ಟು ತೇಯ್ದಿದ್ದೀರಿ, ಬೀಜ ಎಷ್ಟು ದಪ್ಪ, ನೆಲ ಸಿಮೆಂಟಿನದೋ ಮಣ್ಣಿನದೋ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಸೂತ್ರ ಇಲ್ಲಿ ಬಾಯಿ ಕಟ್ಟಿ ಕೂರುತ್ತದೆ, ಎಸೆದು ಎಣಿಸದೆ ಬೇರೆ ದಾರಿಯಿಲ್ಲ. 20 ಮಕ್ಕಳ ತರಗತಿಯಾದರೆ 10 ಜೋಡಿ ಮಾಡಿ. ಒಬ್ಬರು ಎಸೆಯುವುದು, ಇನ್ನೊಬ್ಬರು ಐದೈದರ ಗೆರೆ ಕಟ್ಟಿ ಬರೆಯುವುದು. ಎಸೆಯುವ ಮೊದಲು ಪ್ರತಿ ಜೋಡಿಯೂ 50ಕ್ಕೆ ಬಿಳಿ ಎಷ್ಟು ಸಲ ಬೀಳಬಹುದು ಎಂಬ ಊಹೆಯನ್ನು ಬರೆದಿಡಬೇಕು. ಈ ಊಹೆಯನ್ನು ಬಿಡಬೇಡಿ, ಪಾಠದ ಅರ್ಧ ಜೀವ ಅದರಲ್ಲಿದೆ. 50 ಎಸೆತಕ್ಕೆ ಒಂದು ಪಿರಿಯಡ್‌ ಸಾಕು. ಬೀಜ ಬಿಳಿಯಾಗಿ ಬೀಳುವುದು ಸುಮಾರು 100ಕ್ಕೆ 40 ಸಲ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗಲೂ ಎಲ್ಲ ಜೋಡಿಗಳಿಗೂ 20 ಬರುವುದಿಲ್ಲ. ಒಂದು ಜೋಡಿಗೆ 15, ಒಂದಕ್ಕೆ 24 ಬಂದೀತು. 13ರಿಂದ 27ರವರೆಗಿನ ಯಾವ ಸಂಖ್ಯೆಯೂ ಅಚ್ಚರಿಯದಲ್ಲ. ತಮ್ಮ ಉತ್ತರ ಪಕ್ಕದವರ ಉತ್ತರದ ಹಾಗಿಲ್ಲ ಎಂದು ಮಕ್ಕಳು ಗಾಬರಿಯಾಗುತ್ತಾರೆ, ಅಳಿಸಿ ತಿದ್ದಲು ಹೊರಡುತ್ತಾರೆ. ಆ ಕ್ಷಣದಲ್ಲಿ ಶಿಕ್ಷಕರು ಕೈ ತಡೆದು, ಯಾರೂ ತಪ್ಪು ಮಾಡಿಲ್ಲ, ಹತ್ತೂ ಸಂಖ್ಯೆಗಳನ್ನು ಹಾಗೆಯೇ ಬೋರ್ಡಿನ ಮೇಲೆ ಬರೆಯಿರಿ ಎನ್ನಬೇಕು. ಎರಡು ದಿನ ಎಸೆದರೆ ಒಟ್ಟು 1000 ಎಸೆತವಾಗುತ್ತದೆ. ಬೀಜಗಳೆಲ್ಲ ಒಂದೇ ತರಹದವಾಗಿದ್ದರೆ ಆ ಒಟ್ಟಿನಲ್ಲಿ ಬಿಳಿಯ ಪ್ರಮಾಣ ಸಾಮಾನ್ಯವಾಗಿ ಶೇ 37ರಿಂದ 43ರೊಳಗೆ ನಿಲ್ಲುತ್ತದೆ. ಎಸೆತ ಹೆಚ್ಚಿದಂತೆ ಏರಿಳಿತ ಕಿರಿದಾಗುವುದನ್ನು ಮಗು ಕಣ್ಣಾರೆ ನೋಡುತ್ತದೆ. ಆಗ ಯಾರಾದರೂ ಒಬ್ಬ ಜಾಣೆ ಕೇಳಿಯಾಳು: ‘ನಮ್ಮ ಬೀಜ ಬೇರೆ, ಅವರ ಬೀಜ ಬೇರೆ, ಎಲ್ಲ ಕೂಡಿಸಿದರೆ ಸರಿಯಾ?’ ಇದು ಕಾಲೇಜಿನ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಕೇಳಬೇಕಾದ ಪ್ರಶ್ನೆ, 7ನೇ ತರಗತಿಯಲ್ಲೇ ಹುಟ್ಟಿಬಿಡುತ್ತದೆ. ಆಗ ಒಂದೇ ಬೀಜವನ್ನು ಎಲ್ಲ ಜೋಡಿಗಳೂ ಸರದಿಯಲ್ಲಿ ಎಸೆದು ನೋಡಬಹುದು.

ಇನ್ನು ಚೌಕಾಬಾರದ ಮನೆಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಮಣೆಯಾಟಗಳಲ್ಲಿ ಅಪಾರ ಆಸಕ್ತಿಯಿಟ್ಟು ಹೊಸ ಆಟಗಳನ್ನೇ ರಚಿಸಿದ ದೊರೆ, ಹಾಗಾಗಿ ಮೈಸೂರು ಸೀಮೆಯಲ್ಲಿ ಇದನ್ನು ಪಾಠಕ್ಕೆ ತರಲು ಸಂಕೋಚ ಬೇಕಿಲ್ಲ. ನಾಲ್ಕು ಬೀಜ ಎಸೆದಾಗ ಎಷ್ಟು ಬಿಳಿಯೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಂದಾದರೆ ಬಾರ, ಎಂಟು ಮನೆ. ಎರಡಕ್ಕೂ ಮತ್ತೊಂದು ಎಸೆತದ ಬಹುಮಾನ. ಬೀಜ ನಾಣ್ಯದಂತೆ ಸಮವಾಗಿದ್ದರೆ ಚೌಕಕ್ಕೂ ಬಾರಕ್ಕೂ ತಲಾ 16ರಲ್ಲಿ 1 ಅವಕಾಶ. ಬಿಳಿ ಬೀಳುವುದು 100ಕ್ಕೆ 40 ಎಂದು ಇಟ್ಟುಕೊಂಡರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಚೌಕಕ್ಕೆ 0.4ನ್ನು ನಾಲ್ಕು ಸಲ ಗುಣಿಸಬೇಕು, 0.0256 ಬರುತ್ತದೆ, ಬಾರಕ್ಕೆ 0.6ನ್ನು ನಾಲ್ಕು ಸಲ ಗುಣಿಸಿದರೆ 0.1296. ಅಂದರೆ 1000 ಎಸೆತಕ್ಕೆ ಚೌಕ ಸುಮಾರು 26 ಸಲ, ಬಾರ ಸುಮಾರು 130 ಸಲ. ಐದು ಪಟ್ಟು ವ್ಯತ್ಯಾಸ. ಒಂದೊಂದು ಬೀಜದಲ್ಲಿರುವ ಸಣ್ಣ ವಾಲಿಕೆ ನಾಲ್ಕು ಬೀಜ ಸೇರಿದಾಗ ಹೀಗೆ ಬೆಳೆದು ನಿಲ್ಲುತ್ತದೆ ಎಂಬುದನ್ನು ಯಾವ ನಾಣ್ಯದ ಲೆಕ್ಕವೂ ಮಗುವಿಗೆ ತೋರಿಸಲಾರದು. ದಶಮಾಂಶದ ಗುಣಾಕಾರವನ್ನು ಬೇಸರದಿಂದ ಮಾಡುತ್ತಿದ್ದ ಮಗುವಿಗೆ ಇಲ್ಲಿ ಅದನ್ನು ಮಾಡಲು ಒಂದು ಕಾರಣ ಸಿಗುತ್ತದೆ: ನನ್ನ ಬೀಜ ಎಷ್ಟು ತೇಯ್ದರೆ ನನಗೆ ಲಾಭ?

ಎಣಿಕೆಯಿಂದ ಕಲಿಸುವುದಕ್ಕೆ ಹೊರನಾಡಿನಲ್ಲೂ ಒಂದು ಮೇಲ್ಪಂಕ್ತಿ ಇದೆ. ಜಾನ್ ಕೆರಿಚ್ ಎಂಬ ಗಣಿತಜ್ಞ 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿದಾಗ ಅಲ್ಲಿ ಸಿಕ್ಕಿಬಿದ್ದು ಬಂಧನದ ಶಿಬಿರದಲ್ಲಿ ಕಾಲ ಕಳೆಯಬೇಕಾಯಿತು. ಅಲ್ಲಿ ಅವರು ನಾಣ್ಯವನ್ನು 10,000 ಸಲ ಚಿಮ್ಮಿ 5,067 ಹೆಡ್ ಬಿದ್ದದ್ದನ್ನು ದಾಖಲಿಸಿದರು. ಈ ಸಂಖ್ಯೆ ನಮ್ಮ 10ನೇ ತರಗತಿಯ ಪುಸ್ತಕಕ್ಕೂ ಬಂದಿದೆ. ಆದರೆ ಅದೇ ಕೆರಿಚ್, ಮರದ ಬಿಲ್ಲೆಯೊಂದರ ಒಂದು ಮುಖಕ್ಕೆ ಸೀಸ ಹಚ್ಚಿ, ವಾಲುವ ಬಿಲ್ಲೆ ಮಾಡಿಕೊಂಡು ಅದನ್ನೂ ಎಸೆದು ಎಣಿಸಿದ್ದರು. 1946ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಪ್ರಯೋಗವೂ ಇದೆ. ಪಠ್ಯಪುಸ್ತಕ ಸಮನಾದ ನಾಣ್ಯವನ್ನು ಉಳಿಸಿಕೊಂಡು ಸೀಸದ ಬಿಲ್ಲೆಯನ್ನು ಬಿಟ್ಟಿತು. ನಾನು ಕೇಳುತ್ತಿರುವುದು ಆ ಬಿಲ್ಲೆಯನ್ನು ವಾಪಸು ತನ್ನಿ ಎಂದು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ವಯಸ್ಸಿನದು. ಪಿಯಾಜೆ ಮತ್ತು ಇನ್ಹೆಲ್ಡರ್ 1951ರಲ್ಲಿ ಮಕ್ಕಳಲ್ಲಿ ಆಕಸ್ಮಿಕದ ಕಲ್ಪನೆ ಹೇಗೆ ಮೂಡುತ್ತದೆ ಎಂಬ ಬಗ್ಗೆ ಪುಸ್ತಕ ಬರೆದು, ಅದರ ಪೂರ್ಣ ಗ್ರಹಿಕೆ ಬರುವುದು ಹನ್ನೊಂದು-ಹನ್ನೆರಡು ವರ್ಷ ದಾಟಿದ ಮೇಲೆ ಎಂದು ವಾದಿಸಿದರು. ಅದನ್ನು ಹಿಡಿದು, 10ನೇ ತರಗತಿವರೆಗೆ ಕಾಯುವುದೇ ಕ್ಷೇಮ ಎನ್ನುವವರಿದ್ದಾರೆ. ಪಿಯಾಜೆಯವರ ಮಾತನ್ನು ಹಾಗೆಯೇ ಒಪ್ಪಿಕೊಂಡರೂ 6ನೇ ತರಗತಿಯ ಮಗು ಆ ಹೊಸ್ತಿಲಲ್ಲೇ ಇರುತ್ತದೆ. ಜೊತೆಗೆ, ಕಾದರೆ ತಾನಾಗಿ ಹಣ್ಣಾಗುತ್ತದೆ ಎಂಬ ಭರವಸೆಗೆ ಆಧಾರ ಕಡಿಮೆ. ಇಸ್ರೇಲಿನ ಎಫ್ರಾಯಿಮ್ ಫಿಶ್‌ಬೈನ್ 1997ರಲ್ಲಿ ಷ್ನಾರ್ಕ್ ಅವರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ 5, 7, 9, 11ನೇ ತರಗತಿಯ ಮಕ್ಕಳನ್ನೂ ಶಿಕ್ಷಕ ವಿದ್ಯಾರ್ಥಿಗಳನ್ನೂ ಒಂದೇ ಪ್ರಶ್ನೆಗಳಿಂದ ಪರೀಕ್ಷಿಸಿದರು. ಕೆಲವು ತಪ್ಪುಗ್ರಹಿಕೆಗಳು ವಯಸ್ಸಾದಂತೆ ಕಡಿಮೆಯಾದವು. ಆದರೆ ಸಂಖ್ಯೆ ಹೆಚ್ಚಿದಂತೆ ಏರಿಳಿತ ತಗ್ಗುತ್ತದೆ ಎಂಬುದನ್ನು ಮರೆಯುವ ತಪ್ಪು ದೊಡ್ಡವರಲ್ಲೇ ಹೆಚ್ಚಿತ್ತು. ದಿನಕ್ಕೆ 45 ಹೆರಿಗೆಯಾಗುವ ದೊಡ್ಡ ಆಸ್ಪತ್ರೆ, 15 ಹೆರಿಗೆಯಾಗುವ ಚಿಕ್ಕ ಆಸ್ಪತ್ರೆ ಇವುಗಳಲ್ಲಿ, ಹುಟ್ಟಿದವರಲ್ಲಿ ಶೇ 60ಕ್ಕಿಂತ ಹೆಚ್ಚು ಗಂಡುಮಕ್ಕಳೇ ಆಗಿರುವ ದಿನಗಳು ಎಲ್ಲಿ ಹೆಚ್ಚು ಎಂಬುದು ಈ ಬಗೆಯ ಹೆಸರಾಂತ ಪ್ರಶ್ನೆ. ಉತ್ತರ, ಚಿಕ್ಕ ಆಸ್ಪತ್ರೆಯಲ್ಲಿ. ಎರಡರಲ್ಲೂ ಒಂದೇ ಎನ್ನುವವರು ಅನುಪಾತದ ಪಾಠ ಚೆನ್ನಾಗಿ ಕಲಿತವರೇ, ಕಲಿತ ಅನುಪಾತವೇ ಅವರ ಕಣ್ಣಿಗೆ ಅಡ್ಡ ಬರುತ್ತದೆ. 50 ಎಸೆತದ ಹತ್ತು ಪಟ್ಟಿಗಳನ್ನೂ 1000 ಎಸೆತದ ಒಂದು ಮೊತ್ತವನ್ನೂ ಬೋರ್ಡಿನ ಮೇಲೆ ನೋಡಿದ ಮಗು ಈ ಪ್ರಶ್ನೆಗೆ ಎಡವುವ ಸಾಧ್ಯತೆ ಕಡಿಮೆ.

ಇನ್ನೊಂದು ಅಧ್ಯಯನ ನಮ್ಮ ಚರ್ಚೆಗೆ ಇನ್ನೂ ಹತ್ತಿರದ್ದು. ಝೂ ಮತ್ತು ಗಿಗರೆಂಝರ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 4, 5, 6ನೇ ತರಗತಿಯ ಮಕ್ಕಳಿಗೆ, ದೊಡ್ಡವರೂ ತಡವರಿಸುವ ಒಂದು ಬಗೆಯ ಸಂಭವನೀಯತೆಯ ಲೆಕ್ಕಗಳನ್ನು ಕೊಟ್ಟರು. ಸಂಖ್ಯೆಗಳನ್ನು ಶೇಕಡ ರೂಪದಲ್ಲಿ ಹೇಳಿದಾಗ ಒಂದು ಮಗುವಿಗೂ ಬಿಡಿಸಲಾಗಲಿಲ್ಲ. ಅದೇ ಲೆಕ್ಕವನ್ನು ‘ಇಷ್ಟು ಜನರಲ್ಲಿ ಇಷ್ಟು ಜನ’ ಎಂದು ಎಣಿಕೆಯ ರೂಪದಲ್ಲಿ ಹೇಳಿದಾಗ 4ನೇ ತರಗತಿಯಲ್ಲಿ ಶೇ 19, 5ರಲ್ಲಿ ಶೇ 39, 6ರಲ್ಲಿ ಶೇ 53ರಷ್ಟು ಸರಿಯುತ್ತರ ಬಂತು. ತರಗತಿಗಳು ಅವೇ, ಲೆಕ್ಕವೂ ಅದೇ. ಹೇಳುವ ರೂಪ ಮಾತ್ರ ಬದಲಾಗಿತ್ತು. ಆದ್ದರಿಂದ ಮಕ್ಕಳಿಗೆ ಸಂಭವನೀಯತೆ ಅರ್ಥವಾಗುವುದಿಲ್ಲ ಎಂದು ತೀರ್ಪು ಕೊಡುವ ಮೊದಲು, ಯಾವ ರೂಪದಲ್ಲಿ ಕೊಟ್ಟೆವು ಎಂದು ನಾವು ಕೇಳಿಕೊಳ್ಳಬೇಕು.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು, ಅದಕ್ಕೆ ಗೌರವ ಕೊಟ್ಟೇ ಉತ್ತರಿಸಬೇಕು. ಹುಣಸೆ ಬೀಜಕ್ಕೆ ಸರಿಯುತ್ತರವೇ ಇಲ್ಲ, ಪ್ರತಿ ಶಾಲೆಯಲ್ಲೂ ಪ್ರತಿ ಬೆಂಚಿನಲ್ಲೂ ಬೇರೆ ಬೇರೆ ಸಂಖ್ಯೆ. ಅಂಕ ಕೊಡುವುದು ಹೇಗೆ? ಗಣಿತ ಎಂದರೆ ಒಂದೇ ಉತ್ತರ ಎಂಬ ನಂಬಿಕೆಗೆ ಪೆಟ್ಟು ಬೀಳುವುದಿಲ್ಲವೇ? ಈ ಇಕ್ಕಟ್ಟಿನಿಂದಲೇ ಪ್ರಯೋಗದ ಪಾಠಗಳಿಗೆ ಮೊದಲು ಕತ್ತರಿ ಬೀಳುತ್ತದೆ. 2022ರಲ್ಲಿ ಪಠ್ಯಭಾರ ಇಳಿಸುವಾಗ ಎನ್‌ಸಿಇಆರ್‌ಟಿ 9ನೇ ತರಗತಿಯ ಗಣಿತದಿಂದ ಸಂಭವನೀಯತೆಯ ಅಧ್ಯಾಯವನ್ನೇ ಕೈಬಿಟ್ಟಿತು. ಎಸೆದು ಎಣಿಸುವ ಪ್ರಯೋಗಗಳಿದ್ದದ್ದು ಅದರಲ್ಲಿ. 10ನೇ ತರಗತಿಯಲ್ಲಿ ಉಳಿದದ್ದು ಸೂತ್ರದ ಅಧ್ಯಾಯ. ಅಳತೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಏರಿಳಿತ ಇದೆ, ಅದನ್ನು ಬಚ್ಚಿಟ್ಟ ಗಣಿತ ಪೂರ್ಣ ಗಣಿತವಾಗುವುದಿಲ್ಲ ಎಂಬುದು ನನ್ನ ಉತ್ತರ. ಅಂಕ ಕೊಡುವ ದಾರಿಯೂ ಇದೆ. ಸಂಖ್ಯೆಗೆ ಅಂಕ ಬೇಡ, ಸಂಖ್ಯೆಯಿಂದ ಹೊರಟ ತರ್ಕಕ್ಕೆ ಕೊಡಿ. ‘ಒಂದು ಬೀಜ 50 ಎಸೆತದಲ್ಲಿ 22 ಸಲ ಬಿಳಿ ಬಿತ್ತು, ಇನ್ನೊಂದು 500ರಲ್ಲಿ 220 ಸಲ. ಯಾವ ಬೀಜದ ಬಗ್ಗೆ ನಿನಗೆ ಹೆಚ್ಚು ನಂಬಿಕೆ, ಏಕೆ?’ ಎಂದು ಕೇಳಬಹುದು. ಎರಡರ ಶೇಕಡವೂ 44. ಆದರೂ ಪ್ರಶ್ನೆಗೆ ಸರಿ ತಪ್ಪು ಎಂಬುದಿದೆ. ಪಠ್ಯ ಮುಗಿಸುವ ಆತುರದ ನಡುವೆ ಇದಕ್ಕೆ ಸಮಯವೆಲ್ಲಿ ಎನ್ನುವವರಿಗೆ, ಈ ಪಾಠದ ಒಳಗೆ ಭಿನ್ನರಾಶಿ, ದಶಮಾಂಶ, ಶೇಕಡ, ಸರಾಸರಿ, ನಕ್ಷೆ ಎಲ್ಲ ಬರುತ್ತವೆ ಎಂಬುದನ್ನಷ್ಟೇ ನೆನಪಿಸುತ್ತೇನೆ.

ಮೂರನೆಯದು ಪೋಷಕರ ಕಡೆಯಿಂದ ಬರಬಹುದಾದ ಮಾತು: ಶಾಲೆಯಲ್ಲಿ ದಾಳ, ಕವಡೆ, ಇಸ್ಪೀಟು ತಂದು ಮಕ್ಕಳಿಗೆ ಜೂಜು ಕಲಿಸುತ್ತೀರಾ? ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಇಷ್ಟು ಕಾನೂನು ಬೇಕಾಯಿತು ಎಂದರೆ ಎಷ್ಟು ಮನೆ ಮುಳುಗಿರಬೇಕು ಎಂಬುದನ್ನು ನಾವೇ ಊಹಿಸಬಹುದು. ಹಾಗಾಗಿ ಈ ಆತಂಕ ಹುಸಿಯಲ್ಲ. ಆದರೆ ಮಹಾಭಾರತದ ನಳೋಪಾಖ್ಯಾನ ಇದಕ್ಕೆ ಉತ್ತರ ಹೇಳಿದೆ. ದಾರಿಯಲ್ಲಿ ಒಂದು ತಾರೆ ಮರವನ್ನು ಕಂಡ ರಾಜ ಋತುಪರ್ಣ ಅದರ ಎಲೆ, ಕಾಯಿಗಳ ಸಂಖ್ಯೆಯನ್ನು ಅಂದಾಜು ಮಾಡಿ ಹೇಳುತ್ತಾನೆ. ಸಾರಥಿಯ ವೇಷದಲ್ಲಿದ್ದ ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಿರುತ್ತದೆ. ಆಗ ಋತುಪರ್ಣ ಅವನಿಗೆ ಅಕ್ಷಹೃದಯವನ್ನು, ದಾಳದ ಮರ್ಮವನ್ನು, ಕಲಿಸುತ್ತಾನೆ. ಕಲಿತ ಕೂಡಲೇ, ನಳನನ್ನು ಜೂಜಿಗೆ ಎಳೆದು ಅವನ ಮೈಯೊಳಗೆ ಕೂತಿದ್ದ ಕಲಿ ಹೊರಗೆ ಬರುತ್ತಾನೆ. ಸಂಭವನೀಯತೆಯ ಚರಿತ್ರೆಯ ಬಗ್ಗೆ 1975ರಲ್ಲಿ ಬರೆದ ತತ್ವಜ್ಞ ಇಯಾನ್ ಹ್ಯಾಕಿಂಗ್ ಕೂಡ ಈ ಪ್ರಸಂಗವನ್ನು ಎತ್ತಿ ಹೇಳಿದ್ದಾರೆ. ಜೂಜಿನ ಹಿಡಿತ ಬಿಡಿಸಿದ್ದು ದಾಳವನ್ನು ಮುಚ್ಚಿಡುವುದಲ್ಲ, ಅದರ ಲೆಕ್ಕ ತಿಳಿಯುವುದು. 10 ರೂಪಾಯಿಯ ಒಂದು ಲಕ್ಷ ಟಿಕೆಟ್ ಮಾರಿ, ಒಟ್ಟು 5 ಲಕ್ಷ ಬಹುಮಾನ ಕೊಡುವ ಲಾಟರಿ ಇದೆ ಎಂದುಕೊಳ್ಳಿ. ಟಿಕೆಟ್ ಒಂದಕ್ಕೆ ಸರಾಸರಿ ವಾಪಸು ಬರುವುದು 5 ರೂಪಾಯಿ. ಈ ಭಾಗಾಕಾರವನ್ನು ತಾನೇ ಮಾಡಿದ 8ನೇ ತರಗತಿಯ ಹುಡುಗನ ಫೋನಿಗೆ ನಾಳೆ ಒಂದು ಆಟದ ಜಾಹೀರಾತು ಬಂದಾಗ, ಗೆದ್ದವನ ಫೋಟೊ ನೋಡುವುದರ ಜೊತೆಗೆ ಎಷ್ಟು ಜನರಲ್ಲಿ ಒಬ್ಬ ಗೆದ್ದ ಎಂದು ಕೇಳುವ ಸಾಧ್ಯತೆಯಾದರೂ ಇರುತ್ತದೆ.

ಎಷ್ಟು ಜನರಲ್ಲಿ ಎಂಬ ಈ ಪ್ರಶ್ನೆ ಜೀವ ಉಳಿಸಬಲ್ಲದು. ಹಾವು ಕಡಿದಾಗ ಮಂತ್ರ ಹಾಕಿಸಿ ಬದುಕಿದವರ ಕಥೆ ಹಳ್ಳಿಗಳಲ್ಲಿ ಬೇಕಾದಷ್ಟಿದೆ, ಅವುಗಳಲ್ಲಿ ಬಹುಪಾಲು ಸುಳ್ಳೂ ಅಲ್ಲ. ನಮ್ಮ ಸುತ್ತಲಿನ ಹೆಚ್ಚಿನ ಜಾತಿಯ ಹಾವುಗಳಿಗೆ ಪ್ರಾಣ ತೆಗೆಯುವ ವಿಷವಿಲ್ಲ, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಲೆಕ್ಕಕ್ಕಾಗಿ 100 ಜನರನ್ನು ತೆಗೆದುಕೊಂಡು, ಅವರಲ್ಲಿ 70 ಜನಕ್ಕೆ ವಿಷವೇ ಏರಿಲ್ಲ ಎಂದುಕೊಳ್ಳೋಣ. ಆ 70 ಜನ ಎಲ್ಲಿ ಹೋದರೂ, ಎಲ್ಲೂ ಹೋಗದಿದ್ದರೂ ಬದುಕುತ್ತಾರೆ. ಮಂತ್ರ ಹಾಕಿದವರಿಗೆ 70 ಸಾಕ್ಷಿಗಳು ಸುಮ್ಮನೆ ಸಿಕ್ಕರು. ಕೇಳಬೇಕಾದದ್ದು ಉಳಿದ 30 ಜನರ ಕಥೆ: ಅವರಲ್ಲಿ ವಿಷನಿರೋಧಕ ಚುಚ್ಚುಮದ್ದಿಗೆ ಬೇಗ ಹೋದವರು ಎಷ್ಟು, ಬದುಕಿದವರು ಎಷ್ಟು? ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಇಂಥ ಎಣಿಕೆ ಸಾಧ್ಯವಾಗಲಿ ಎಂದೇ. ಮಗು ಮನೆಗೆ ಹೋಗಿ ಅಜ್ಜನ ನಂಬಿಕೆಯನ್ನು ಹಳಿಯಬೇಕಾಗಿಲ್ಲ. ನಾಲ್ಕು ಮನೆಯ ಒಂದು ಚೌಕ ಬರೆದು, ವಿಷವಿದ್ದವರು–ಇಲ್ಲದವರು, ಆಸ್ಪತ್ರೆಗೆ ಹೋದವರು–ಹೋಗದವರು ಎಂದು ಸಂಖ್ಯೆ ತುಂಬಲು ಬಂದರೆ ಸಾಕು.

ಹಾಗಾದರೆ ನಾಣ್ಯ ಯಾವಾಗ ಬರಬೇಕು? 8ನೇ ತರಗತಿಯಲ್ಲಿ, ಪ್ರಕೃತಿಯೇ ಸಮ ತೂಕದ ನಾಣ್ಯ ಚಿಮ್ಮುವ ಒಂದು ಜಾಗವನ್ನು ತೋರಿಸುವಾಗ. ಕಾಡಂಚಿನ ಆದಿವಾಸಿ ಸಮುದಾಯಗಳಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಯ ನಿರ್ಮೂಲನೆಗಾಗಿ 2023ರ ಜುಲೈ 1ರಂದು ರಾಷ್ಟ್ರಮಟ್ಟದ ಅಭಿಯಾನ ಶುರುವಾಯಿತು, 2047 ಅದರ ಗುರಿ. ತಪಾಸಣೆ ಮಾಡಿಸಿಕೊಂಡವರಿಗೆ ಅವರು ರೋಗಿಯೋ, ವಾಹಕರೋ, ಎರಡೂ ಅಲ್ಲವೋ ಎಂದು ತಿಳಿಸುವ ಕಾರ್ಡು ಸಿಗುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಅವಕಾಶ ನಾಲ್ಕರಲ್ಲಿ ಒಂದು. ಈ ಮಾತನ್ನು ‘ನಾಲ್ಕು ಮಕ್ಕಳಾದರೆ ಒಬ್ಬರಿಗೆ’ ಎಂದು ಕೇಳಿಸಿಕೊಳ್ಳುವುದು ಸುಲಭ. ಮೊದಲ ಮಗುವಿಗೆ ರೋಗ ಬಂತು, ಇನ್ನು ಮೂವರಿಗೆ ಭಯವಿಲ್ಲ ಎಂಬ ತೀರ್ಮಾನವೂ ಅಲ್ಲಿಂದಲೇ ಹುಟ್ಟುತ್ತದೆ. ನಿಜದ ಲೆಕ್ಕ ಬೇರೆ. ನಾಲ್ಕು ಮಕ್ಕಳಿರುವ ಇಂಥ 100 ಕುಟುಂಬಗಳಲ್ಲಿ ಸುಮಾರು 32 ಕುಟುಂಬಗಳಲ್ಲಿ ಒಬ್ಬರಿಗೂ ರೋಗವಿರುವುದಿಲ್ಲ, 42ರಲ್ಲಿ ಒಬ್ಬರಿಗೆ, 26ರಲ್ಲಿ ಇಬ್ಬರಿಗೆ ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿಗೆ ಇರುತ್ತದೆ. ತಂದೆಗೊಂದು, ತಾಯಿಗೊಂದು ಎಂದು ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿ, ಎರಡೂ ಟೇಲ್ ಬಿದ್ದರೆ ರೋಗ ಎಂದು ಇಟ್ಟುಕೊಂಡು ಮಕ್ಕಳು ಇದನ್ನು ಮಾಡಿ ನೋಡಬಹುದು. ಹಿಂದಿನ ಎಸೆತದ ನೆನಪು ನಾಣ್ಯಕ್ಕಿಲ್ಲ ಎಂಬ ಮಾತಿಗೆ ಇಲ್ಲಿ ತೂಕ ಬರುತ್ತದೆ. ಒಂದು ಎಚ್ಚರಿಕೆ ಅಗತ್ಯ: ಈ ಪಾಠದಲ್ಲಿ ಯಾವ ಹಾಡಿಯ, ಯಾವ ಮಗುವಿನ ಮನೆಯ ಮಾತೂ ಬರಕೂಡದು, ಯಾರ ಕಾರ್ಡನ್ನೂ ತರಗತಿಯಲ್ಲಿ ಕೇಳಕೂಡದು. ಕಾಲ್ಪನಿಕ ಕುಟುಂಬಗಳೇ ಸಾಕು.

ಕೊನೆಯ ಆಕ್ಷೇಪ ಶಿಕ್ಷಕರದೇ. ಇದನ್ನೆಲ್ಲ ಮೇಲಿನಿಂದ ಸುತ್ತೋಲೆ, ತರಬೇತಿ ಬರದೆ ನಾವು ಮಾಡಲಾದೀತೇ? ಈ ಪ್ರಶ್ನೆಯನ್ನು ಬೇರೆ ಯಾವ ಜಿಲ್ಲೆಯಲ್ಲಿ ಕೇಳಿದರೂ ಉತ್ತರ ಹುಡುಕಬೇಕಾಗುತ್ತಿತ್ತು, ಇಲ್ಲಿ ಅದು ಆಗಲೇ ಇದೆ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ರಿಷಿವ್ಯಾಲಿಯ ಶಾಲೆಗಳಿಗೆ ಹೋಗಿ ಅಲ್ಲಿನ ಕಲಿಕಾ ಕ್ರಮ ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡು, ಮೆಟ್ಟಿಲು, ಹಾಡು, ಕಥೆಗಳನ್ನು ತಾವೇ ರೂಪಿಸಿದರು. ಅದೇ ನಲಿ-ಕಲಿ. 2009–10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿತು. ಅಂದು ಒಂದು ತಾಲ್ಲೂಕಿನ ಶಿಕ್ಷಕರು ಅಕ್ಷರಕ್ಕೂ ಅಂಕಿಗೂ ಮಾಡಿದ್ದನ್ನು ಇಂದು ನಾಲ್ಕು ತಾಲ್ಲೂಕಿನವರು ಸೇರಿ ಈ ಒಂದು ವಿಷಯಕ್ಕೆ ಮಾಡಬಹುದು.

ಮೊದಲ ಕೆಲಸ ಮಳೆಯಿಂದಲೇ ಆಗಲಿ ಎಂದು ನನ್ನ ಸಲಹೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದು ರೋಹಿಣಿ ಮಳೆಯ ಹೊತ್ತಿಗೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ, ಅಂಕಿ ಸಿಗುತ್ತದೆ. ಹವಾಮಾನ ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆ ದಿನ. ‘ಅಲ್ಲಲ್ಲಿ ಮಳೆ’ ಎಂದರೆ ಹೆಚ್ಚೆಂದರೆ ಶೇ 25 ಕೇಂದ್ರಗಳಲ್ಲಿ, ‘ವ್ಯಾಪಕ’ ಎಂದರೆ ಶೇ 75ಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ. ಪತ್ರಿಕೆಯ ಮುನ್ಸೂಚನೆಯನ್ನು ಮಕ್ಕಳು ಈ ಸಂಖ್ಯೆಗಳೊಂದಿಗೆ ಓದಲಿ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನೂ ಪರೀಕ್ಷೆಗೆ ಒಡ್ಡಲಿ: ಭರಣಿಯಲ್ಲಿ ಮಳೆ ಬಂದ ವರ್ಷಗಳೆಷ್ಟು, ಅವುಗಳಲ್ಲಿ ಬೆಳೆ ಕೈಗೆ ಹತ್ತಿದ ವರ್ಷಗಳೆಷ್ಟು, ಭರಣಿ ತಪ್ಪಿಯೂ ಬೆಳೆ ಬಂದ ವರ್ಷಗಳೆಷ್ಟು? ಪಿರಿಯಾಪಟ್ಟಣದ ಒಂದು ಶಾಲೆಯ ಪಟ್ಟಿಯನ್ನು ಕೆ.ಆರ್. ನಗರದ ಒಂದು ಶಾಲೆಗೆ ಕಳಿಸಿ, ಅಲ್ಲಿನದನ್ನು ಇಲ್ಲಿಗೆ ತರಿಸಿಕೊಳ್ಳಿ. ಸಮೂಹ ಸಂಪನ್ಮೂಲ ವ್ಯಕ್ತಿಗಳ ಸಭೆಯಲ್ಲಿ ಈ ಪಟ್ಟಿಗಳನ್ನು ಮೇಜಿನ ಮೇಲಿಟ್ಟುಕೊಂಡು, ಯಾವ ಪ್ರಶ್ನೆ 6ಕ್ಕೆ, ಯಾವುದು 7ಕ್ಕೆ, ಯಾವುದು 8ಕ್ಕೆ ಎಂದು ಹಂಚಿಕೊಳ್ಳುವ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು.